ಅಜ್ಜಿಗೆ ಕೈಯಲ್ಲೇ ಮಾಡಿ ಏನಾದ್ರೂ ಕೊಡ್ಬೇಕು, ಎಂತ ಮಾಡ್ಲಿ?

ಶಿರ್ವ_ಬಸ್ಸು:

ಎಲ್ರಿಗೂ ನಮಸ್ಕಾರ. ಬರುವ ತಿಂಗಳು ನನ್ನ ಅಜ್ಜಿಗೆ 81 ತುಂಬ್ತದೆ. ಈ ಸಲ ಅಂಗಡಿಯದ್ದು ಬೇಡ, ಕೈಯಲ್ಲೇ ಏನಾದ್ರೂ ಮಾಡಿ ಕೊಡುವ ಅಂತ ಉಂಟು. ಯಾಕಂದ್ರೆ ಕಳೆದ ವರ್ಷ ನಾನು ತಂದ ಸೀರೆ ಇನ್ನೂ ಕವರಿನಿಂದ ಹೊರಗೆ ಬರ್ಲಿಲ್ಲ, ಮಾವ ದುಬೈಯಿಂದ ತಂದ ಕಾಲು ಒತ್ತುವ ಮಿಷನ್ ಮೇಲೆ ಈಗ ಹಪ್ಪಳದ ಡಬ್ಬ ಕೂತಿದೆ. ಕೇಳಿದ್ರೆ "ನಂಗೆ ಎಂತಕ್ಕೆ ಇನ್ನು ಅದೆಲ್ಲ" ಅಷ್ಟೇ ಉತ್ತರ.

ಅಜ್ಜಿ ಬಗ್ಗೆ ಸ್ವಲ್ಪ ಹೇಳ್ತೇನೆ ಇಲ್ಲಾಂದ್ರೆ ನಿಮಗೂ ಐಡಿಯಾ ಕೊಡ್ಲಿಕ್ಕೆ ಕಷ್ಟ. ಮನೆ ಶಂಕರಪುರದ ಹತ್ತಿರ, ನಲ್ವತ್ತು ವರ್ಷ ಮಲ್ಲಿಗೆ ಕಟ್ಟಿದವ್ರು. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ಯುದು, ಮತ್ತೆ ಜಗಲಿಯಲ್ಲಿ ಕೂತು ಬಾಳೆನಾರಲ್ಲಿ ಕಟ್ಟುದು, 800 ಮೊಗ್ಗಾದ್ರೆ ಒಂದು ಚೆಂಡು, ನಾಲ್ಕು ಚೆಂಡಾದ್ರೆ ಒಂದು ಅಟ್ಟೆ. ರೇಡಿಯೋ ಕೇಳ್ತಾ, ನಮ್ಮನ್ನು ಬೈತಾ, ಕೈ ಕಡೆ ನೋಡದೆ ಕಟ್ಟುದು. ಈಗ ಬೆರಳಿನ ಗಂಟೆಲ್ಲ ಊದಿ ಸೊಟ್ಟ ಆಗಿದೆ, ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ ಇನ್ನೊಂದು ಬಾಕಿ, ಗಿಡ ನಾಲ್ಕು ಮಾತ್ರ ಉಳಿದದ್ದು. ಶುಗರ್ ಉಂಟು. ಮಂಡೆ ಮಾತ್ರ ನನಗಿಂತ ಚುರುಕು. ಮಧ್ಯಾಹ್ನ ಊಟ ಆದ್ಮೇಲೆ ಸುಮ್ಮನೆ ಕೂತು ಅಂಗೈ ತಿರುಗಿಸಿ ತಿರುಗಿಸಿ ನೋಡ್ತಾ ಇರ್ತಾರೆ, ನನಗೆ ಅದು ನೋಡ್ಲಿಕ್ಕೆ ಆಗುದಿಲ್ಲ.

ನನಗೆ ಬರುದು ಎರಡೇ, ಕೈಹೊಲಿಗೆ (ಸುಮಾರು) ಮತ್ತೆ ಫೆವಿಕಾಲ್ ಹಚ್ಚುದು. ಬಜೆಟ್ 500 ಒಳಗೆ. ಯೂಟ್ಯೂಬ್ ನೋಡಿ ನೋಡಿ ಮಂಡೆ ಬಿಸಿ ಆಗಿದೆ ಮಾರಾಯ್ರೆ, ಅಲ್ಲಿ ಎಲ್ಲ ಉಣ್ಣೆಯ ಟೊಪ್ಪಿ, ಉಣ್ಣೆಯ ಸಾಕ್ಸ್. ನಮ್ಮ ಸೆಕೆಗೆ ಉಣ್ಣೆ ಟೊಪ್ಪಿ ತೆಗೊಂಡು ಹೋದ್ರೆ ಅಜ್ಜಿ ನನ್ನನ್ನು ಒಳಗೆ ಸೇರಿಸ್ಲಿಕ್ಕಿಲ್ಲ.


ಬೆಳ್ತಿಗೆ_ಗಂಜಿ:

ಬೆರಳಿನ ಗಂಟಿಗೆ ಶಾಖದ ಚೀಲ ಮಾಡಿ. ನಿಮ್ಮ ಸುಮಾರು ಹೊಲಿಗೆಯೇ ಸಾಕು. ಹಳೆ ಕಾಟನ್ ಸೀರೆ ಎರಡು ಮಡಿಕೆ ಮಾಡಿ ಅಂಗೈಗಿಂತ ಸ್ವಲ್ಪ ದೊಡ್ಡ ಚೀಲ ಹೊಲಿಯಿರಿ, ಒಳಗೆ ಹುರುಳಿ ಇಲ್ಲಾ ಬೆಳ್ತಿಗೆ ಅಕ್ಕಿ, ಮುಕ್ಕಾಲು ಮಾತ್ರ ತುಂಬಿಸಿ, ಗಚ್ಚ ತುಂಬಿಸಿದ್ರೆ ಕಲ್ಲಿನ ಹಾಗೆ ಆಗ್ತದೆ, ಗಂಟಿನ ಸುತ್ತ ಮೆತ್ತಗೆ ಕೂರುದಿಲ್ಲ. ಮೇಲಿಂದ ತೆಗೆದು ಒಗೆಯುವ ಹಾಗೆ ಇನ್ನೊಂದು ಕವರ್. ಕಾವಲಿಯಲ್ಲಿ ತಿರುಗಿಸಿ ತಿರುಗಿಸಿ ಬಿಸಿ ಮಾಡ್ಬಹುದು, ಮೈಕ್ರೋವೇವ್ ಇದ್ರೆ ಒಂದು ನಿಮಿಷ. ಪಾಲಿಸ್ಟರ್ ಬಟ್ಟೆ ಬೇಡ, ಜರಿ ಅಂಚು ಬೇಡವೇ ಬೇಡ, ಮೈಕ್ರೋವೇವಲ್ಲಿ ಕಿಡಿ ಹಾರ್ತದೆ. ಎರಡು ಮಾಡಿ, ಒಂದೊಂದು ಕೈಗೆ ಒಂದೊಂದು. ನನ್ನ ಅಮ್ಮ ಕೋಳಿಮೊಟ್ಟೆ ಹಿಡ್ಕೊಂಡ ಹಾಗೆ ಎರಡು ಕೈಯಲ್ಲಿ ಹಿಡ್ಕೊಂಡು ಸೀರಿಯಲ್ ನೋಡುದು.

ಕುಚ್ಚಲಕ್ಕಿ ಮಾತ್ರ ಹಾಕ್ಬೇಡಿ. ನಾನು ಮೊದಲ ಸಲ ಅದೇ ಹಾಕಿದ್ದು, ಬಿಸಿ ಆದ ಕೂಡ್ಲೇ ಮನೆಯೆಲ್ಲ ಗಂಜಿ ಪರಿಮಳ, ಅಪ್ಪ ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಟ್ಟಲು ಹಿಡ್ಕೊಂಡು ಬಂದ್ರು.


ನೈಟ್_ಡ್ಯೂಟಿ:

ಮೇಲಿನವರು ಹೇಳಿದ್ದು ಒಳ್ಳೆದುಂಟು ಆದ್ರೆ ಅಜ್ಜಿಗೆ ಶುಗರ್ ಅಂದ್ರಲ್ಲ, ಅದಕ್ಕೆ ಬರಿತಾ ಇದ್ದೇನೆ. ನಾನು ನರ್ಸ್. ತುಂಬ ವರ್ಷದ ಶುಗರ್ ಇದ್ದವರಿಗೆ ಕಾಲಲ್ಲಿ, ಕೆಲವರಿಗೆ ಕೈಯಲ್ಲೂ ಸ್ಪರ್ಶ ಕಡಿಮೆ ಆಗ್ತದೆ, ಬಿಸಿ ಹೆಚ್ಚಾದ್ರೆ ಗೊತ್ತೇ ಆಗುದಿಲ್ಲ, ಬೊಬ್ಬೆ ಎದ್ದ ಮೇಲೆ ನೋಡುದು, ಅದು ಗುಣ ಆಗ್ಲಿಕ್ಕೆ ತಿಂಗಳುಗಟ್ಟಲೆ. ಶಾಖದ ಚೀಲ ಕೊಡುದಾದ್ರೆ ಬಿಸಿ ಮಾಡುವವರು ಮೊದ್ಲು ತಮ್ಮ ಮಣಿಕಟ್ಟಿನ ಒಳಬದಿಗೆ ಇಟ್ಟು ನೋಡ್ಬೇಕು, ಹತ್ತು ನಿಮಿಷ ಸಾಕು, ಪಾದಕ್ಕೆ ಇಡುದು ಬೇಡ, ಇಟ್ಕೊಂಡು ಮಲಗುದೂ ಬೇಡ. ಅಜ್ಜಿಗೆ ಕೈಯಲ್ಲಿ ಬಿಸಿ ತಣ್ಣಗೆ ಸರಿ ಗೊತ್ತಾಗ್ತದಾ ಅಂತ ಒಮ್ಮೆ ಸುಮ್ಮನೆ ಮಾತಾಡ್ತಾ ಮಾತಾಡ್ತಾ ನೋಡ್ಕೊಳ್ಳಿ.

ಮತ್ತೆ ಇನ್ನೊಂದು, ಹಳೆ ಸೀರೆ ಹೆಣೆದು ಕಾಲೊರಸು ಮಾಡುವ ವಿಡಿಯೋ ಎಲ್ರೂ ಕಳಿಸ್ತಾರೆ. ಚಂದ ಉಂಟು, ಒಪ್ಪುವ. ಆದ್ರೆ ನುಣ್ಣಗಿನ ಟೈಲ್ಸ್ ಮೇಲೆ ಅಂಥ ಕಾಲೊರಸು ಜಾರಿ ಸೊಂಟ ಮುರಿದು ಬಂದವರನ್ನು ನಾನು ಎಷ್ಟು ನೋಡಿದ್ದೇನೆ ಅಂತ ಲೆಕ್ಕ ಇಲ್ಲ. ಮಾಡ್ಲೇಬೇಕಾದ್ರೆ ಅಡಿಗೆ ರಬ್ಬರ್ ಜಾಲಿ ಹೊಲಿದೇ ಮಾಡಿ.


ರೆಸಿನ್_ಕಾರ್ನರ್:

ಹಾಯ್, ಹೂ ಇಟ್ಟು ರೆಸಿನ್ ಫೋಟೋ ಫ್ರೇಮ್ ಮಾಡಿ ಕೊಡ್ತೇವೆ, ಮಲ್ಲಿಗೆ ಕೂಡ ಇಡ್ಬಹುದು, ರೇಟಿಗೆ ಇನ್‌ಬಾಕ್ಸ್ ಮಾಡಿ 🙏


ಪಿಂಚಣಿ_ಸ್ಕೂಟರ್:

ಮಲ್ಲಿಗೆಯನ್ನು ಪ್ಲಾಸ್ಟಿಕಲ್ಲಿ ಮುಳುಗಿಸಿ ಆ ಅಜ್ಜಿಯ ಎದುರು ಇಟ್ರೆ ಅವರು ಎಂತ ಹೇಳಿಯಾರು ಅಂತ ಕೇಳುವ ಆಸೆ ನನಗುಂಟು.

ಇರ್ಲಿ. ನಾನು ಇಲ್ಲಿ ಬಹುಶಃ ಎಲ್ರಿಗಿಂತ ದೊಡ್ಡವ, 77. ಬ್ಯಾಂಕಲ್ಲಿ ಇದ್ದವ, ಈಗ ಕದ್ರಿಯಲ್ಲಿ ಮಗನ ಮನೆ. ಕೊಡುವವರ ಕಡೆಯಿಂದ ನೀವೆಲ್ಲ ಬರಿತೀರಿ, ತೆಗೊಳ್ಳುವವನ ಕಡೆಯಿಂದ ಸ್ವಲ್ಪ ಕೇಳಿ. ರಿಟೈರ್ ಆದಲ್ಲಿಂದ ನನಗೆ ಸಿಕ್ಕಿದ್ದು ಒಂಬತ್ತು ಶಾಲು, ನಾಲ್ಕು ಗಂಧದ ಹಾರ (ಗಂಧ ಅದರಲ್ಲಿ ಇಲ್ಲ), ನನ್ನದೇ ಮುಖ ಇರುವ ಎರಡು ಕಪ್ಪು. ಶಾಲು ಹಾಕಿ ಕೂರ್ಲಿಕ್ಕೆ ಮಂಗಳೂರಲ್ಲಿ ಯಾವ ತಿಂಗಳು ಉಂಟು ನೀವೇ ಹೇಳಿ. ಮಳೆಗಾಲದಲ್ಲಿ ಕಪಾಟು ತೆರೆದ್ರೆ ಒಂಬತ್ತಕ್ಕೂ ಬೂಸ್ಟು, ಮತ್ತೆ ಸೊಸೆಗೆ ಅದನ್ನು ಬಿಸಿಲಿಗೆ ಹಾಕುವ ಕೆಲಸ ಬೇರೆ. ನಮಗೆ ಕೊಡುವ ವಸ್ತು ಇನ್ನೊಬ್ಬರಿಗೆ ಕೆಲಸ ಆಗ್ಬಾರ್ದು, ಅದು ನಮಗೆ ನಾಚಿಕೆ.

ಉಪಕಾರ ಆದದ್ದು ಯಾವುದು ಅಂದ್ರೆ, ನನ್ನ ಮೊಮ್ಮಗ ಐದನೇ ಕ್ಲಾಸಲ್ಲಿ ಇರುವಾಗ ನನ್ನ ರೇಡಿಯೋಗೆ ಮಾಡಿದ ಒಂದು ಕೆಲಸ. ಆಕಾಶವಾಣಿ ಮಂಗಳೂರು 100.3ರಲ್ಲಿ ಬರುದು, ಆ ಮುಳ್ಳು ಸಣ್ಣ, ಕನ್ನಡಕ ಹುಡುಕಿ ಮುಳ್ಳು ಸರಿ ಮಾಡುವಾಗ ವಾರ್ತೆ ಮುಗಿದಿರ್ತದೆ. ಇವ ಅಜ್ಜಿಯ ಬೊಟ್ಟಿನ ಪ್ಯಾಕೆಟಿಂದ ಒಂದು ಬೊಟ್ಟು ತೆಗೆದು ಸರಿಯಾಗಿ ಅಲ್ಲಿಗೆ ಅಂಟಿಸಿದ. ಅದು ಬೆವರಿಗೆ ಎರಡು ದಿನದಲ್ಲಿ ಬಿದ್ದುಹೋಯ್ತು, ಮತ್ತೆ ತಾಯಿಯ ನೈಲ್ ಪಾಲಿಶ್ ತಂದು ಅದೇ ಜಾಗದಲ್ಲಿ ಒಂದರ ಮೇಲೆ ಒಂದು ನಾಲ್ಕು ಹನಿ, ಒಣಗಿದ ಮೇಲೆ ಸಾಸಿವೆ ಕಾಳಿನಷ್ಟು ಉಬ್ಬಿ ನಿಂತಿತು. ಕತ್ತಲೆಯಲ್ಲೂ ಬೆರಳಿಗೆ ಸಿಗ್ತದೆ. ಗ್ಯಾಸ್ ಒಲೆಯ ಕಿವಿಗೆ, ಗೀಸರ್ ಸ್ವಿಚ್ಚಿಗೆ, ರಿಮೋಟಿನ ಆನ್ ಬಟನಿಗೆ ಎಲ್ಲ ಆಮೇಲೆ ಹಾಗೇ ಮಾಡಿ ಕೊಟ್ಟ. ಖರ್ಚು ಸೊನ್ನೆ. ಅಜ್ಜಿ ರೇಡಿಯೋ ಕೇಳ್ತಾರೆ ಅಂತ ಬರ್ದಿದ್ದೀರಿ, ಅದಕ್ಕೆ ಹೇಳಿದ್ದು.


ಬಜ್ಪೆ_ಕ್ರೋಶಾ:

ಸರ್ ಹೇಳಿದ್ದು ನೂರಕ್ಕೆ ನೂರು ಸತ್ಯ 😂

ನಮ್ಮ ವ್ಹಡ್ಲಿಮಾಯ್‌ಗೂ (ಕೊಂಕಣಿಯಲ್ಲಿ ಅಜ್ಜಿ) ಇದೇ ಗಂಟು ನೋವು. ಜೀವನ ಇಡೀ ಕ್ರೋಶಾ ಹಾಕಿದವರು, ಆಲ್ತಾರಿನ ಬಟ್ಟೆಗೆ ಲೇಸು ಎಲ್ಲ ಅವರದ್ದೇ. ಕೈ ಬಗ್ಗದ ಮೇಲೆ ಸೂಜಿ ಹೊರಗೇ ಬರ್ಲಿಲ್ಲ. ಪಪ್ಪ ಎಂತ ಮಾಡಿದ್ರು ಅಂದ್ರೆ ಹಳೆ ಸೈಕಲ್ ಟ್ಯೂಬನ್ನು ಸಪೂರ ಪಟ್ಟಿ ಕತ್ತರಿಸಿ ಕ್ರೋಶಾ ಸೂಜಿಯ ಹಿಡಿಗೆ ಸುತ್ತಿ ಸುತ್ತಿ ಹೆಬ್ಬೆರಳಿನಷ್ಟು ದಪ್ಪ ಮಾಡಿ ಮೇಲಿಂದ ಬಟ್ಟೆ ಹೊಲಿಸಿದ್ರು. ಸಪೂರ ಹಿಡಿ ಆದ್ರೆ ಗಟ್ಟಿ ಮುಷ್ಟಿ ಹಿಡಿಬೇಕು, ಗಂಟು ನೋಯುದು ಅಲ್ಲೇ. ದಪ್ಪ ಆದ್ರೆ ಸಡಿಲ ಹಿಡಿದ್ರೂ ನಿಲ್ತದೆ. ಸಪೂರ ನೂಲು ಬಿಟ್ಟು ದಪ್ಪ ನೂಲಲ್ಲಿ ಈಗ ಪುನಃ ಹಾಕ್ತಾರೆ. ಅದೇ ಟ್ರಿಕ್ ಚಮಚಕ್ಕೆ, ಬಾಚಣಿಗೆಗೆ, ಹಲ್ಲುಜ್ಜುವ ಬ್ರಶ್ಶಿಗೆ, ಪೆನ್ನಿಗೆ. ತರಕಾರಿ ಕತ್ತಿಗೆ ಮಾತ್ರ ಮಾಡಿ ಕೊಡ್ಬೇಡಿ, ಒದ್ದೆ ಕೈಗೆ ಜಾರಿದ್ರೆ ಕಷ್ಟ.

ನಮ್ಮಲ್ಲಿ ಇನ್ನೊಬ್ರು ಅಂಕಲ್‌ಗೆ ಶರ್ಟಿನ ಗುಬ್ಬಿ (ಬಟನ್) ಹಾಕ್ಲಿಕ್ಕೆ ಆಗ್ತಿರ್ಲಿಲ್ಲ, ಮಗಳು ಗುಬ್ಬಿ ತೆಗೆದು ಒಳಗಿಂದ ವೆಲ್ಕ್ರೋ ಹೊಲಿದು ಅದೇ ಗುಬ್ಬಿಯನ್ನು ಮೇಲಿಂದ ಸುಮ್ಮನೆ ಚಂದಕ್ಕೆ ಹೊಲಿದು ಕೊಟ್ಟಳು. ಇಗರ್ಜಿಯಲ್ಲಿ ಯಾರಿಗೂ ಗೊತ್ತೇ ಆಗುದಿಲ್ಲ.


ನೈಟ್_ಡ್ಯೂಟಿ:

ವೆಲ್ಕ್ರೋ ಸೂಪರ್. ಕೆಲವರು ಅದರ ಬದಲು ಅಯಸ್ಕಾಂತದ ಗುಬ್ಬಿ ಹಾಕ್ತಾರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಅದು ಬೇಡ ಆಯ್ತಾ. ಅಯಸ್ಕಾಂತ ಅದರಿಂದ ಆರು ಇಂಚಾದ್ರೂ ದೂರ ಇರ್ಬೇಕು ಅಂತ ಹೇಳಿ ಕಳಿಸ್ತೇವೆ ನಾವು, ಶರ್ಟಿನ ಗುಬ್ಬಿ ಸೀದಾ ಅದರ ಹತ್ತಿರವೇ ಬರುದು.


ಆಟಿ_ಮಳೆ:

ನನ್ನದು ಬೇರೆ ಐಡಿಯಾ. ಅಜ್ಜಿಗೆ ಮಂಡೆ ಚುರುಕುಂಟು, ಮಧ್ಯಾಹ್ನ ಹೊತ್ತು ಹೋಗುದಿಲ್ಲ, ಹಾಗಾದ್ರೆ ಚೆನ್ನೆಮಣೆ, ಗುಳಿಗೆ ಕಾಯಿ ಹಾಕಿ ಇಬ್ಬರು ಕೂತು ಆಡುವ ಆಟ. ಮರದ್ದು ಆಚಾರಿ ಹತ್ರ ಮಾಡಿಸಿದ್ರೆ ನಿಮ್ಮ 500ರಲ್ಲಿ ಮುಗಿಯುದಿಲ್ಲ, ಅದಕ್ಕೆ ನಾನು ಮಾಡಿದ್ದು ಹೇಳ್ತೇನೆ. ಅಡಿಕೆ ಹಾಳೆಯ ಸಣ್ಣ ಬಟ್ಟಲು ಸಿಗ್ತದಲ್ಲ ಪಾಯಸಕ್ಕೆ ಇಡುವಂಥದ್ದು, ಅದು 14, ಒಂದು ಪ್ಲೈವುಡ್ ತುಂಡಿಗೆ ಏಳು ಏಳರ ಎರಡು ಸಾಲು ಅಂಟಿಸಿ. ಮೂಲ ಮಣೆಯ ಗುಳಿಗಿಂತ ಇದು ಅಗಲ, ಹಾಗಾಗಿ ಬಗ್ಗದ ಬೆರಳಿಗೂ ಬಾಚಿ ತೆಗಿಲಿಕ್ಕೆ ಸುಲಭ. ಒಂದು ಮನೆಗೆ ನಾಲ್ಕು ಕಾಯಿ, ಒಟ್ಟು 56. ಮಂಜೊಟ್ಟಿ ಕಾಯಿ ಚಂದ ಆದ್ರೆ ಸಣ್ಣದು ನುಣ್ಣಗೆ, ಗಂಟು ಕೈಯಿಂದ ಜಾರ್ತದೆ. ಕವಡೆ ಇದ್ರೆ ಬೆಸ್ಟು, ಇಲ್ಲಾಂದ್ರೆ ಹಳೆ ಕೋಟಿನ ದೊಡ್ಡ ಗುಬ್ಬಿ, ದೊಡ್ಡ ಹುಣಸೆ ಬೀಜ.

ಹಾಳೆಗೆ ಬೂಸ್ಟು ಹಿಡಿತದೆ, ಅಂಟಿಸುವ ಮೊದ್ಲು ಎರಡು ದಿನ ಒಳ್ಳೆ ಬಿಸಿಲಿಗೆ ಹಾಕಿ, ಮತ್ತೆ ಎರಡು ಕೋಟ್ ವಾರ್ನಿಶ್ ಕೊಡಿ. ನಾನು ವಾರ್ನಿಶ್ ಕೊಡದೆ ಕೊಟ್ಟದ್ದು ಜುಲೈಯಲ್ಲಿ ಹಸಿರು ಕೂದಲು ಬಂದು ದೊಡ್ಡಮ್ಮ ಅದನ್ನು ತೆಂಗಿನ ಬುಡಕ್ಕೆ ಹಾಕಿದ್ರು.


ಗುತ್ತು_ಮನೆ:

ಚೆನ್ನೆ ಒಳ್ಳೆದೇ ಆದ್ರೆ ಅಜ್ಜಿಗೆ ತಂಗಿ ಇದ್ದು ಇಬ್ಬರೂ ಒಟ್ಟಿಗೆ ಇದ್ದಾರಾ ಅಂತ ಕೇಳಿ. ಅಕ್ಕ ತಂಗಿ ಎದುರು ಬದುರು ಕೂತು ಚೆನ್ನೆ ಆಡ್ಬಾರ್ದು ಅಂತ ನಮ್ಮ ಕಡೆ ಗಟ್ಟಿ ಉಂಟು. ಸಿರಿ ಪಾಡ್ದನದಲ್ಲಿ (ತುಳುವಿನ ಹಾಡುಗತೆ) ಅಬ್ಬಗ ದಾರಗ ಅಂತ ಅಕ್ಕ ತಂಗಿ ಚೆನ್ನೆ ಆಡುವಾಗಲೇ ಜಗಳ ಆಗಿ ಮಣೆಯಲ್ಲೇ ಹೊಡೆದದ್ದಲ್ಲ. ನಂಬುದು ಬಿಡುದು ಬೇರೆ, ನಮ್ಮ ಅಜ್ಜಿ ಅವರ ತಂಗಿ ಬಂದ ದಿವಸ ಮಣೆಯನ್ನು ಅಟ್ಟದಲ್ಲಿ ಇಡ್ತಿದ್ರು. ಕೆಲವು ಮನೆಯಲ್ಲಿ ಆಟಿ ತಿಂಗಳು (ತುಳುವರ ಮಳೆಗಾಲದ ತಿಂಗಳು) ಬಿಟ್ಟು ಬೇರೆ ದಿನ ಹೊರಗೆ ತೆಗೆಯುದೇ ಇಲ್ಲ. ಬರ್ತ್‌ಡೇ ದಿನ ತೆಗೊಂಡು ಹೋಗಿ ಬೈಗುಳ ತಿನ್ಬೇಡಿ.


ಆಟಿ_ಮಳೆ:

ಹ್ಞಾಂ ಅದು ಹೌದು, ಮರೆತೇ ಹೋಗಿತ್ತು. ಕಾಯಿಗೆ ಗುಲಗಂಜಿ ಆದ್ರೆ ಬಣ್ಣ ಎದ್ದು ಕಾಣ್ತದೆ, ಕಣ್ಣು ಮಂಜು ಇದ್ದವರಿಗೆ ಒಳ್ಳೆದಾಗ್ಬಹುದಾ?


ನೈಟ್_ಡ್ಯೂಟಿ:

ಗುಲಗಂಜಿ ಬೇಡ ದಮ್ಮಯ್ಯ. ಅದು ವಿಷ. ಇಡೀ ಬೀಜದ ಸಿಪ್ಪೆ ಗಟ್ಟಿ, ಹಾಗಾಗಿ ಸುಮ್ಮನೆ ಇದ್ರೆ ತೊಂದರೆ ಕಡಿಮೆ, ಆದ್ರೆ ಒಡೆದದ್ದು, ತೂತು ಮಾಡಿದ್ದು, ಜಗಿದದ್ದು ಅಪಾಯ. ಸರ ಮಾಡ್ಲಿಕ್ಕೆ ಸೂಜಿ ಚುಚ್ಚುವವರಿಗೂ ಅಪಾಯವೇ. ಮನೆಯಲ್ಲಿ ಮಕ್ಕಳು ಇದ್ರೆ, ಇಲ್ಲಾ ಮರೆವಿನ ಕಾಯಿಲೆಯ ಹಿರಿಯರು ಇದ್ರೆ (ಅವರು ಕೈಗೆ ಸಿಕ್ಕಿದ್ದು ಬಾಯಿಗೆ ಹಾಕ್ತಾರೆ ಕೆಲವೊಮ್ಮೆ) ಮನೆ ಒಳಗೇ ತರ್ಬೇಡಿ. ಕೆಂಪು ಬಣ್ಣ ಬೇಕಾದ್ರೆ ಗುಬ್ಬಿಯಲ್ಲೇ ಕೆಂಪು ಸಿಗ್ತದೆ.


ಕೋಳಿ_ಸುಕ್ಕ:

ಹೋಯ್ ಎಂತಕ್ಕೆ ಇಷ್ಟ್ ದೊಡ್ಡ ಪ್ರಾಜೆಕ್ಟ್ ಮರ್ರೆ. ನಮ್ಮ ಅಮ್ಮಮ್ಮ ಬೈಂದೂರು ಹತ್ರ ಒಬ್ರೇ ಇಪ್ಪುದು. ಕೈ ನಡುಗುದಿಲ್ಲ, ಹೊಲಿಗೆ ಈಗ್ಲೂ ಮಾಡ್ತ್ರು, ಆದ್ರೆ ಸೂಜಿಗೆ ನೂಲು ಪೋಣ್ಸುದೇ ದೊಡ್ಡ ಪಂಚಾಯ್ತಿ. ದಾರಿಯಲ್ಲಿ ಹೋಪ ಶಾಲೆ ಮಕ್ಕಳನ್ನು ಕರೆದು ಪೋಣಿಸ್ಕೊಳ್ತಿದ್ರು, ಈಗ ಆ ಮಕ್ಕಳೂ ವ್ಯಾನಲ್ಲಿ ಹೋಪುದು. ನಾನು ಹೋದಾಗೆಲ್ಲ ಇಪ್ಪತ್ತು ಸೂಜಿಗೆ ನೂಲು ಪೋಣಿಸಿ ಗಂಟು ಹಾಕಿ ಒಂದು ಸಣ್ಣ ದಿಂಬಿಗೆ ಸಾಲಾಗಿ ಚುಚ್ಚಿ ಇಟ್ಟು ಬತ್ತೆ. ಬಿಳಿ ಹತ್ತು, ಕಪ್ಪು ಐದು, ಉಳಿದದ್ದು ಸೀರೆ ಬಣ್ಣ. ಅಮ್ಮಮ್ಮನಿಗೆ ಇಷ್ಟು ವರ್ಷದಲ್ಲಿ ನಾನು ಕೊಟ್ಟದ್ದರಲ್ಲಿ ಅದೊಂದೇ ಸಮ ಆದದ್ದು.

ಒಂದೇ ವಿಷಯ, ನಮ್ಮ ಕರಾವಳಿ ಗಾಳಿಗೆ ಸೂಜಿ ತುಕ್ಕು ಹಿಡಿತ್ತ್. ದಿಂಬಿಗೆ ಹತ್ತಿ ತುಂಬ್ಸುದರ ಬದ್ಲು ಬಾಚಣಿಗೆಯಲ್ಲಿ ಬಂದ ಕೂದಲು ತುಂಬ್ಸಿ. ಹೇಸಿಗೆ ಅಂತ ಮೂಗು ಮುರಿಬೇಡಿ, ಹಳೆ ಕಾಲದವ್ರು ಮಾಡ್ತಿದ್ದದ್ದೇ, ಕೂದಲಿನ ಎಣ್ಣೆ ಪಸೆಗೆ ಸೂಜಿ ತುಕ್ಕು ಹಿಡಿಯುದಿಲ್ಲ. ನೂಲು ಮೊಳ ಒಂದೂವರೆಗಿಂತ ಉದ್ದ ಬೇಡ, ಸಿಕ್ಕಾತ್ತ್.


ಬೆಳ್ತಿಗೆ_ಗಂಜಿ:

ಈ ಕೂದಲು ದಿಂಬು ನಾನು ಮಾಡುವವಳೇ. ನನಗೆ ನಲ್ವತ್ತೆಂಟಕ್ಕೇ ನೂಲು ಹೋಗುದಿಲ್ಲ ಈಗ.


ಪಿಂಚಣಿ_ಸ್ಕೂಟರ್:

ಕೋಳಿ ಸುಕ್ಕದವರದ್ದು ಇಷ್ಟು ಹೊತ್ತು ಬಂದದ್ದರಲ್ಲಿ ಒಳ್ಳೆದು. ಇನ್ನೊಂದು ಹೇಳಿ ಮುಗಿಸ್ತೇನೆ. ಹಳೆ ಫೋಟೋ ಆಲ್ಬಮ್ ಮಾಡಿ ಕೊಡುವ ಆಲೋಚನೆ ಯಾರಿಗಾದ್ರೂ ಇದ್ರೆ, ಅಂಟು ಪೇಜಿನ ಆಲ್ಬಮ್ ಬೇಡ, ಗಾಜಿಗೆ ತಾಗಿಸಿ ಫ್ರೇಮ್ ಹಾಕುದೂ ಬೇಡ. ನಮ್ಮ ಮದುವೆ ಫೋಟೋ ಗಾಜಿಗೆ ಹಿಡಿದುಕೊಂಡು ತೆಗೆಯುವಾಗ ನನ್ನ ಮಾವನವರ ಅರ್ಧ ಮುಖ ಗಾಜಿನಲ್ಲೇ ಉಳಿಯಿತು. ದಪ್ಪ ಕಾಗದಕ್ಕೆ ನಾಲ್ಕು ಮೂಲೆಗೆ ಕಾಗದದ ಮೂಲೆ ಅಂಟಿಸಿ ಅದರಲ್ಲಿ ಸಿಕ್ಕಿಸಿ. ಹೆಸರು ಬರಿಯುದಾದ್ರೆ ಹಿಂದೆ ಪೆನ್ಸಿಲಲ್ಲಿ, ಮೆಲ್ಲ. ಬಾಲ್‌ಪೆನ್ ಒತ್ತಿದ್ರೆ ಮುಂದೆ ಗೆರೆ ಕಾಣ್ತದೆ. ಮತ್ತೆ ಆಲ್ಬಮ್ಮಿನ ಹೆಸರು ನೀವೇ ಬರಿಬೇಡಿ, ಅವರ ಹತ್ರ ಕೂತು ಕೇಳಿ ಬರಿರಿ. ಒಂದು ಫೋಟೋಗೆ ಅರ್ಧ ಗಂಟೆ ಬೇಕಾಗ್ತದೆ, ಚಾ ಇಟ್ಕೊಂಡು ಕೂತ್ಕೊಳ್ಳಿ.


ಶಿರ್ವ_ಬಸ್ಸು:

ಎಲ್ರಿಗೂ ತುಂಬ ತುಂಬ ಥ್ಯಾಂಕ್ಸ್. ಐದು ವಾರ ಆಯ್ತು ಅಪ್ಡೇಟ್ ಹಾಕ್ಲಿಕ್ಕೆ, ಬೈಬೇಡಿ.

ಅಜ್ಜಿಗೆ ತಂಗಿ ಇದ್ದಾರೆ, ಪಕ್ಕದ ಮನೆಯೇ, ಹಾಗಾಗಿ ಚೆನ್ನೆ ಕ್ಯಾನ್ಸಲ್ 😄 ಶಾಖದ ಚೀಲ ಎರಡು ಹೊಲಿದೆ, ಹುರುಳಿ ಹಾಕಿ. ರೇಡಿಯೋಗೆ ನೈಲ್ ಪಾಲಿಶ್ ಹನಿ ಹಾಕಿದೆ. ಸೂಜಿ ದಿಂಬೂ ಮಾಡಿದೆ, ಕೂದಲು ನನ್ನದೇ, ಈಗ ಉದುರುವ ಲೆಕ್ಕಕ್ಕೆ ಎರಡು ದಿಂಬು ಆಗ್ತಿತ್ತು. ಎಲ್ಲ ಒಂದು ಬುಟ್ಟಿಯಲ್ಲಿ ಇಟ್ಟು ಕೊಟ್ಟದ್ದು.

ಅಜ್ಜಿ ಶಾಖದ ಚೀಲ ಕೈಗೆ ತೆಗೊಂಡ್ರು, ತಿರುಗಿಸಿ ನೋಡಿದ್ರು, ಹೊಲಿಗೆ ಮೇಲೆ ಬೆರಳಾಡಿಸಿದ್ರು, "ಇದು ಯಾರು, ನಾಯಿ ಹೊಲಿದದ್ದಾ" ಅಂತ ಕೇಳಿದ್ರು. ನನಗೆ ಅಳು ಬರುದೊಂದು ಬಾಕಿ. ಮತ್ತೆ ನನ್ನೆದುರೇ ಹೊಲಿಗೆ ಬಿಚ್ಚಿದ್ರು. ಹುರುಳಿಯನ್ನು ಒಂದು ತಟ್ಟೆಗೆ ಸುರಿದು ಕಲ್ಲು ಆರಿಸಿದ್ರು (ಎರಡು ಸಿಕ್ಕಿತು!), ದಿಂಬಿನಿಂದ ಒಂದು ಸೂಜಿ ಎಳೆದ್ರು, ಕಿಟಕಿ ಹತ್ರ ಕೂತು ಒಂದು ಗಂಟೆ ತೆಗೊಂಡು ಇಡೀ ಚೀಲ ಪುನಃ ಹೊಲಿದ್ರು. ನಡುವೆ ನಡುವೆ ಕೈ ಕೊಡವಿ ಬೆರಳು ಒತ್ತಿಕೊಳ್ತಿದ್ರು, ನಾನು ಸಾಕು ಅಜ್ಜಿ ಅಂದ್ರೆ ಕೇಳ್ಬೇಕಲ್ಲ. ಹೊಲಿಗೆ ಅಷ್ಟು ನೇರ ಇಲ್ಲ, ಆದ್ರೆ ನನ್ನದಕ್ಕಿಂತ ಚಂದವೇ ಉಂಟು, ಒಪ್ಪಲೇಬೇಕು. ಎರಡನೇ ಚೀಲ ಮರುದಿನಕ್ಕೆ ಇಟ್ಟುಕೊಂಡ್ರು.

ಅಲ್ಲೇ ಧೈರ್ಯ ಬಂದು ಮಲ್ಲಿಗೆ ಕಟ್ಟುದು ನನಗೆ ಕಲಿಸಿ ಅಜ್ಜಿ ಅಂತ ಕೇಳಿದೆ. "ಎಂಟು ಗಂಟೆಗೆ ಏಳುವವಳಿಗೆ ಮಲ್ಲಿಗೆಯಾ" ಅಂದ್ರು, ಮುಗಿಯಿತು.

ಶಾಖ ಮಾಡುವಾಗ ಅತ್ತೆ ಮಣಿಕಟ್ಟಿಗೆ ಇಟ್ಟು ನೋಡಿ ಕೊಡ್ತಾರೆ, ನೈಟ್ ಡ್ಯೂಟಿಯವರೇ ಅದು ನಿಮಗೆ. ರೇಡಿಯೋದ್ದು ಮಾತ್ರ ಅಜ್ಜಿ ಒಪ್ಪಲಿಲ್ಲ, ನನಗೆ ಮೊದ್ಲೇ ಬೆರಳಿಗೆ ಗೊತ್ತುಂಟು ಅದೆಲ್ಲ ಎಂತಕ್ಕೆ ಅಂದ್ರು.

ನಿನ್ನೆ ಅತ್ತೆ ಫೋನಲ್ಲಿ ಅಜ್ಜಿಗೆ ಕೊಟ್ರು. ಸೂಜಿ ಹದಿನಾರು ಖಾಲಿ, ನಾಲ್ಕೇ ಉಂಟು, ಅದರಲ್ಲೂ ಎರಡು ಕಪ್ಪು ನೂಲು, ಕಪ್ಪು ಯಾರಿಗೆ ಬೇಕು, ಆದಿತ್ಯವಾರ ಬರುವಾಗ ಬಿಳಿ ನೂಲಿನ ಉಂಡೆ ತಾ ಅಂತ. ಎಂತ ಹೊಲಿತಾ ಇದ್ದೀರಿ ಅಂತ ಕೇಳಿದೆ. ಕವರಲ್ಲಿದ್ದ ಸೀರೆಗೆ ಫಾಲ್ ಅಂತೆ.

ಕೋಳಿ ಸುಕ್ಕದವರೇ, ನೀವು ಯಾವ ನಂಬರಿನ ಸೂಜಿ ತರುದು? ನಾನು ತಂದದ್ದರ ಕಣ್ಣು ತುಂಬ ಸಣ್ಣ, ಇಪ್ಪತ್ತು ಪೋಣಿಸುವಾಗ ನನ್ನ ಕಣ್ಣೇ ಹೋಯ್ತು.


ಕೋಳಿ_ಸುಕ್ಕ:

ನಂಬರ್ ಎಲ್ಲ ಗೊತ್ತಿಲ್ಲ ಮರ್ರೆ, ಅಂಗಡಿಯಲ್ಲಿ ಕಸೂತಿ ಸೂಜಿ ಕೊಡಿ ಅಂತ ಕೇಳಿ, ಅದರ ಕಣ್ಣು ಉದ್ದ ಇರ್ತ್. ನೂಲಿನ ತುದಿ ಓರೆ ಕತ್ತರಿಸಿ, ನೆಕ್ಕಬೇಡಿ, ಸ್ವಲ್ಪ ಮೇಣ ಉಜ್ಜಿ. ಫಾಲಿಗೆ ಮಾತ್ರ ಸಪೂರ ಸೂಜಿಯೇ ಬೇಕು ಅಂತ ಅಜ್ಜಿ ಬೈದ್ರೆ ನನ್ನ ಹೆಸ್ರು ಹೇಳ್ಬೇಡಿ.